ಕೊಡಗಿನ ಮನೆ ಸ್ಟುಡಿಯೋಗೆ ಯಾವ ಗಿಟಾರ್ ಆಂಪ್? ಟ್ಯೂಬ್, ಡಿಜಿಟಲ್ ಮತ್ತು ಆಂಪ್ ಇಲ್ಲದ ದಾರಿಗಳ ಹೋಲಿಕೆ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರಗಳಲ್ಲಿ ಮನೆಯ ಒಂದು ಕೋಣೆಯನ್ನೇ ರೆಕಾರ್ಡಿಂಗ್‌ಗೆ ಅಣಿಗೊಳಿಸುತ್ತಿರುವವರು ಮೈಕ್, ಆಡಿಯೋ ಇಂಟರ್‌ಫೇಸ್ (ಸ್ವರವನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ), ಹೆಡ್‌ಫೋನ್‌ಗಳನ್ನು ಹೇಗೋ ಆರಿಸಿಕೊಂಡು, ಗಿಟಾರ್ ಆಂಪ್ಲಿಫೈಯರ್ ಕೊಳ್ಳುವಾಗ ಗೊಂದಲಕ್ಕೆ ಬೀಳುತ್ತಾರೆ. ಕೊಡವ ಹಾಡಿನ ಆಲ್ಬಂಗೆ ಗಾಯಕಿಯ ದನಿಯನ್ನು ಮುಚ್ಚದ ತಿಳಿಯಾದ ಗಿಟಾರ್ ಬೇಕು, ಚರ್ಚಿನ ಗಾಯನ ತಂಡಕ್ಕೆ ಮೃದುವಾದ ರಿವರ್ಬ್, ಅಂದರೆ ಅನುರಣನ ಬೇಕು, ಕಾಲೇಜಿನ ಹುಡುಗರ ಬ್ಯಾಂಡಿಗೆ ಒರಟಾದ ಡಿಸ್ಟಾರ್ಷನ್, ಅಂದರೆ ಗರಗುಟ್ಟುವ ಸ್ವರ ಬೇಕು. ಆದರೆ ಕೈಯಲ್ಲಿರುವ ಹಣ ಒಂದೇ ಆಂಪಿಗೆ ಸಾಲುವಷ್ಟು. ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎಷ್ಟು ವ್ಯಾಟ್, ಎಷ್ಟು ಚಾನೆಲ್, ಎಷ್ಟು ಎಫೆಕ್ಟ್ ಎಂಬ ಲೆಕ್ಕದಲ್ಲಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಸ್ಟುಡಿಯೋ ಆಂಪಿನ ಬಹುಪಯೋಗವನ್ನು ಅಳೆಯಬೇಕಾದದ್ದು ಅದರೊಳಗೆ ಎಷ್ಟು ಸ್ವರಗಳಿವೆ ಎಂಬುದರಿಂದಲ್ಲ, ಅದರ ಸ್ವರ ರೆಕಾರ್ಡರನ್ನು ತಲುಪಲು ಎಷ್ಟು ದಾರಿಗಳಿವೆ ಎಂಬುದರಿಂದ. ಮಳೆ ಹೆಚ್ಚಿರುವ, ಕರೆಂಟು ನೆಚ್ಚಿಕೆಯಿಲ್ಲದ ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಇನ್ನೂ ತೂಕ ಬರುತ್ತದೆ.

ಆಂಪುಗಳ ಹೆಸರಿಗೆ ಹೋಗುವ ಮೊದಲು ಅಳತೆಗೋಲುಗಳನ್ನು ನಿಗದಿಮಾಡಿಕೊಳ್ಳೋಣ.

ಮೊದಲನೆಯದು ತಿಳಿ ಸ್ವರ, ಅಂದರೆ ಕ್ಲೀನ್ ಟೋನ್. ಡಿಸ್ಟಾರ್ಷನ್ ಅನ್ನು ಕಾಲಿನಿಂದ ಒತ್ತುವ ಎಫೆಕ್ಟ್ ಪೆಡಲ್‌ನಿಂದಲೋ ಸಾಫ್ಟ್‌ವೇರ್‌ನಿಂದಲೋ ಸೇರಿಸಿಕೊಳ್ಳಬಹುದು. ಆಂಪಿನ ಮೂಲಸ್ವರವೇ ಕಳಪೆಯಾಗಿದ್ದರೆ ಅದರ ಮೇಲೆ ಏನನ್ನು ಹೇರಿದರೂ ಆ ಕಳಪೆತನ ಕೇಳಿಸುತ್ತಲೇ ಇರುತ್ತದೆ. ಆದ್ದರಿಂದ ಒಂದೇ ಆಂಪ್ ಕೊಳ್ಳುವವರು ತಿಳಿ ಸ್ವರ ಚೆನ್ನಾಗಿರುವ, ಪೆಡಲ್‌ಗಳನ್ನು ಒಪ್ಪಿಕೊಳ್ಳುವ ಆಂಪನ್ನೇ ಆರಿಸಬೇಕು.

ಎರಡನೆಯದು ಕಡಿಮೆ ಸದ್ದಿನಲ್ಲಿ ಅದರ ನಡವಳಿಕೆ. ವ್ಯಾಟ್‌ಗಳ ಬಗ್ಗೆ ಇರುವ ತಪ್ಪು ತಿಳಿವಳಿಕೆಯೊಂದನ್ನು ಇಲ್ಲಿ ಬಿಡಿಸಬೇಕು. ಶಕ್ತಿಯನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಅರ್ಧವಾಗುವುದಿಲ್ಲ. ಕೇವಲ 3 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಸದ್ದು ಅರ್ಧವಾದಂತೆ ಕೇಳಬೇಕಾದರೆ ಶಕ್ತಿಯನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಸಬೇಕು. ಗಿಟಾರ್ ಸ್ಪೀಕರುಗಳು ಒಂದು ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, 97ರಿಂದ 100 ಡೆಸಿಬೆಲ್‌ನಷ್ಟು ಸದ್ದು ಕೊಡುವಷ್ಟು ಸೂಕ್ಷ್ಮವಾಗಿರುತ್ತವೆ. ಹಾಗಾಗಿ 15 ವ್ಯಾಟಿನ ಪುಟ್ಟ ಟ್ಯೂಬ್ ಆಂಪ್ ಪೂರ್ಣ ಶಕ್ತಿಯಲ್ಲಿ ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಮುಟ್ಟಬಲ್ಲದು. ಮನೆಯಲ್ಲಿ ವಯಸ್ಸಾದವರಿದ್ದರೆ, ಪಕ್ಕದ ಕೋಣೆ ಹೋಂಸ್ಟೇ ಅತಿಥಿಗಳದ್ದಾಗಿದ್ದರೆ, ಅದನ್ನು ಬೇಕಾದಷ್ಟು ತೆರೆದು ನುಡಿಸುವುದು ಆಗದ ಮಾತು. ತೋಟದ ನಡುವಿನ ಒಂಟಿಮನೆಯಲ್ಲಿರುವವರಿಗೆ ಮಾತ್ರ ಈ ಭಾಗ್ಯವಿದೆ.

ಮೂರನೆಯದು ನಾನು ಮೊದಲೇ ಹೇಳಿದ ದಾರಿಗಳ ಲೆಕ್ಕ. ಸ್ಪೀಕರಿನ ಮುಂದೆ ಮೈಕ್ ಇಡುವುದು ಒಂದು ದಾರಿ. ಸ್ಪೀಕರಿನ ಸ್ವರವನ್ನು ಅನುಕರಿಸುವ ಲೈನ್ ಔಟ್ ಇನ್ನೊಂದು. ಯುಎಸ್‌ಬಿ ಮೂಲಕ ನೇರ ಕಂಪ್ಯೂಟರಿಗೆ ಹೋಗುವುದು ಮತ್ತೊಂದು. ಸ್ಪೀಕರನ್ನು ಕಳಚಿ, ಅದರ ಬದಲು ಆಂಪಿನ ಶಕ್ತಿಯನ್ನು ನುಂಗುವ ಲೋಡ್ ಬಾಕ್ಸ್‌ಗೆ ಆಂಪನ್ನು ಜೋಡಿಸುವುದು ನಾಲ್ಕನೆಯದು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತಗಡಿನ ಶೀಟಿನ ಮಾಡಿನ ಕೆಳಗೆ ಕಕ್ಕಡದ ಮಳೆ ಬಡಿಯುತ್ತಿರುವಾಗ ಮೈಕ್ ಇಟ್ಟು ತಿಳಿಯಾದ ಗಿಟಾರ್ ರೆಕಾರ್ಡ್ ಮಾಡಲು ಹೊರಟರೆ ಗಿಟಾರಿನ ಜೊತೆಗೆ ಮಳೆಯೂ ದಾಖಲಾಗುತ್ತದೆ. ಹೆಂಚಿನ ಮಾಡಿನ ಕೆಳಗೆ ಹಲಗೆಯ ಅಟ್ಟವಿದ್ದರೆ ಸ್ವಲ್ಪ ವಾಸಿ, ಅಷ್ಟೇ. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆಯಾದ್ದರಿಂದ ಅಲ್ಲಿನವರು ಈ ಅಂಶಕ್ಕೆ ಇಷ್ಟು ಮಹತ್ವ ಕೊಡಬೇಕಾಗಿಲ್ಲ.

ನಾಲ್ಕನೆಯದು ವಿದ್ಯುತ್ತು, ತೇವ ಮತ್ತು ರಿಪೇರಿ. ಟ್ಯೂಬ್ ಆಂಪಿನೊಳಗಿನ ಟ್ಯೂಬುಗಳು ಹಳೆಯ ವಾಲ್ವ್ ರೇಡಿಯೋಗಳಲ್ಲಿದ್ದ ಅದೇ ಜಾತಿಯವು. ಅವುಗಳ ಹೀಟರಿಗೆ 6.3 ವೋಲ್ಟ್ ಬೇಕು, ಮತ್ತು ಅದು ಗೋಡೆಯ ಕರೆಂಟಿನ ಏರಿಳಿತಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟ್ ಬರಬೇಕಾದಲ್ಲಿ 190 ಬಂದರೆ ಹೀಟರಿಗೆ ಸಿಗುವುದು 5.2 ವೋಲ್ಟ್ ಮಾತ್ರ. ಟ್ಯೂಬಿನ ಮುಖ್ಯ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಕುಸಿದು ಸ್ವರ ಮೆತ್ತಗಾಗುತ್ತದೆ. ವೇದಿಕೆಯಲ್ಲಿ ಇದು ಯಾರ ಗಮನಕ್ಕೂ ಬಾರದಿರಬಹುದು. ಸ್ಟುಡಿಯೋದಲ್ಲಿ ಹಾಗಲ್ಲ: ಕಾಫಿ ಹಣ್ಣಿನ ಕಾಲದಲ್ಲಿ ಪಕ್ಕದ ತೋಟದ ಪಲ್ಪರ್ ಮೋಟಾರು ಓಡುತ್ತಿರುವಾಗ ನುಡಿಸಿದ ಎಡಗಡೆಯ ಗಿಟಾರಿಗೂ ಅದು ನಿಂತ ಮೇಲೆ ನುಡಿಸಿದ ಬಲಗಡೆಯ ಗಿಟಾರಿಗೂ ಸ್ವರ ಹೊಂದುವುದಿಲ್ಲ. ರಾತ್ರಿ ಹೊತ್ತಿನಲ್ಲಿ ಬಳಕೆ ಇಳಿದಾಗ ವೋಲ್ಟೇಜ್ ಏರುವುದೂ ಉಂಟು, ಅದು ಟ್ಯೂಬುಗಳ ಆಯುಷ್ಯಕ್ಕೆ ಕೆಡುಕು. ಆದ್ದರಿಂದ ಟ್ಯೂಬ್ ಆಂಪ್ ಕೊಳ್ಳುವವರು ಒಳ್ಳೆಯ ಸ್ಟೆಬಿಲೈಸರಿನ ಬೆಲೆಯನ್ನೂ ಸೇರಿಸಿಯೇ ಬಜೆಟ್ ಹಾಕಬೇಕು. ಇನ್ವರ್ಟರಿನ ಮೇಲೆ ಓಡಿಸುವುದಾದರೆ ಅದು ಶುದ್ಧ ಸೈನ್ ವೇವ್ ಕೊಡುವಂಥದ್ದೇ ಆಗಿರಬೇಕು; ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರುಗಳು ಟ್ರಾನ್ಸ್‌ಫಾರ್ಮರಿನಲ್ಲಿ ಗುಂಯ್‌ಗುಡುವ ಸದ್ದನ್ನು ತುಂಬುತ್ತವೆ. ಟ್ಯೂಬ್ ಆಂಪಿನ ಪರಿಣತ ರಿಪೇರಿಗೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ ಇನ್ನೂ ದೂರದ ಬೆಂಗಳೂರಿಗೋ ಹೊತ್ತೊಯ್ಯಬೇಕಾಗಿ ಬರಬಹುದು ಎಂಬುದೂ ಲೆಕ್ಕದಲ್ಲಿರಲಿ.

ಅರ್ತಿಂಗ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ತೋಟದ ಮನೆಗಳಲ್ಲಿ ವೈರಿಂಗ್‌ಗೆ ಸರಿಯಾದ ಅರ್ತಿಂಗ್ ಇಲ್ಲದಿರುವುದು ಉಂಟು. ಆಂಪಿನಿಂದ ಹಮ್ ಬರುತ್ತಿದೆಯೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನು ಕಳಚುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬೇಡಿ. ಟ್ಯೂಬ್ ಆಂಪಿನೊಳಗೆ 300ರಿಂದ 450 ವೋಲ್ಟ್‌ಗಳಷ್ಟು ಡಿಸಿ ಇರುತ್ತದೆ, ಮತ್ತು ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ಗಿಟಾರಿನ ತಂತಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಮೈಕ್ ಮುಟ್ಟುವವರ ಪ್ರಾಣ ಆ ಮೂರನೆಯ ಪಿನ್ನಿನಲ್ಲಿದೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ಸರಿಮಾಡಿಸಿದ ಮೇಲೆಯೇ ಆಂಪ್ ಕೊಳ್ಳುವ ಯೋಚನೆ ಮಾಡುವುದು ಸರಿಯಾದ ಕ್ರಮ.

ಈಗ ಆಯ್ಕೆಗಳನ್ನು ನೋಡೋಣ.

ಟ್ಯೂಬ್ ಆಂಪುಗಳಲ್ಲಿ ಸ್ಟುಡಿಯೋ ಕೆಲಸಕ್ಕೆ ಬಹಳ ಕಾಲದಿಂದ ಹೆಸರಾದದ್ದು ಫೆಂಡರ್ ಡಿಲಕ್ಸ್ ರಿವರ್ಬ್. 1963ರಲ್ಲಿ ಬಂದ ಈ ವಿನ್ಯಾಸದಲ್ಲಿ 22 ವ್ಯಾಟ್, ಎರಡು 6ವಿ6 ಟ್ಯೂಬುಗಳು, ಒಂದು 12 ಇಂಚಿನ ಸ್ಪೀಕರ್, ಸ್ಪ್ರಿಂಗ್ ರಿವರ್ಬ್ ಇವೆ. ಇದರ ತಿಳಿ ಸ್ವರದಲ್ಲಿ ಮೇಲಿನ ಹೊಳಪೂ ಕೆಳಗಿನ ತುಂಬುತನವೂ ಇದ್ದು, ನಡುವಿನ ಸ್ವರಗಳು ತುಸು ತಗ್ಗಿರುವುದರಿಂದ ಗಾಯಕರ ದನಿಗೆ ಜಾಗ ಬಿಡುತ್ತದೆ. ಹಾಡನ್ನು ಮುಂದಿಟ್ಟು ಗಿಟಾರನ್ನು ಹಿಂದಿಡುವ ರೆಕಾರ್ಡಿಂಗುಗಳಿಗೆ ಇದಕ್ಕಿಂತ ಹೊಂದುವ ಆಂಪನ್ನು ನಾನು ಕಾಣೆ. ಪೆಡಲ್‌ಗಳನ್ನೂ ಇದು ಚೆನ್ನಾಗಿ ಒಪ್ಪಿಕೊಳ್ಳುತ್ತದೆ. ತೊಂದರೆಯೆಂದರೆ, ಮಾಸ್ಟರ್ ವಾಲ್ಯೂಮ್ (ಒರಟುತನ ಉಳಿಸಿಕೊಂಡೇ ಒಟ್ಟು ಸದ್ದನ್ನು ಇಳಿಸುವ ನಾಬ್) ಇಲ್ಲ, ಲೈನ್ ಔಟ್ ಇಲ್ಲ. ಇದರ ತಮ್ಮನಂತಿರುವ ಪ್ರಿನ್ಸ್‌ಟನ್ ರಿವರ್ಬ್ 10 ಇಂಚಿನ ಸ್ಪೀಕರಿನ, ಇನ್ನೂ ಕಡಿಮೆ ಶಕ್ತಿಯ ಆಂಪ್; ಸಣ್ಣ ಕೋಣೆಗೆ ಅದೇ ಹೆಚ್ಚು ಸೂಕ್ತ. ಹಣ ಅಷ್ಟಿಲ್ಲದವರಿಗೆ 15 ವ್ಯಾಟಿನ ಬ್ಲೂಸ್ ಜೂನಿಯರ್ ಇದೆ. ಅದರಲ್ಲಿ ಮಾಸ್ಟರ್ ವಾಲ್ಯೂಮ್ ಇರುವುದರಿಂದ ಕಡಿಮೆ ಸದ್ದಿನಲ್ಲೂ ಸ್ವಲ್ಪ ಒರಟುತನ ಸಿಗುತ್ತದೆ, ಆದರೆ ತಿಳಿ ಸ್ವರದ ಉದಾರತೆ ಡಿಲಕ್ಸ್‌ನಷ್ಟಿಲ್ಲ.

ವಾಕ್ಸ್ ಎಸಿ15 ಬೇರೆ ಸ್ವಭಾವದ್ದು. ಮೂಲ ವಿನ್ಯಾಸ 1958ರದ್ದು. ಇಎಲ್84 ಟ್ಯೂಬುಗಳಿಂದ 15 ವ್ಯಾಟ್. ಇದರ ತಿಳಿ ಸ್ವರ ಪೂರ್ತಿ ತಿಳಿಯಲ್ಲ, ಬೆರಳಿನ ಒತ್ತಿಗೆ ಅಂಚಿನಲ್ಲಿ ಗರಗುಟ್ಟುವ ಸ್ವರ. ಮೇಲಿನ ನಡುಸ್ವರಗಳು ಮುಂದಿರುವುದರಿಂದ ಬ್ಯಾಂಡಿನಲ್ಲಿ ಗಿಟಾರ್ ಎದ್ದು ಕೇಳುತ್ತದೆ. ಅದೇ ಗುಣ ದುಡಿ ಮತ್ತು ಕಂಠದೊಂದಿಗಿನ ಸರಳ ಹಾಡಿನಲ್ಲಿ ದನಿಯ ಜೊತೆ ಪೈಪೋಟಿಗಿಳಿಯುವ ಸಂಭವವೂ ಇದೆ. ಮಾರ್ಷಲ್ ಡಿಎಸ್‌ಎಲ್20 ರಾಕ್ ಸಂಗೀತದವರಿಗೆ: ಇಎಲ್34 ಟ್ಯೂಬುಗಳು, ಎರಡು ಚಾನೆಲ್, 20ರಿಂದ 10 ವ್ಯಾಟಿಗೆ ಇಳಿಸುವ ಸ್ವಿಚ್, ಮತ್ತು ಸ್ಪೀಕರಿನ ಸ್ವರವನ್ನು ಅನುಕರಿಸುವ ಒಂದು ಔಟ್‌ಪುಟ್. ದಾರಿಗಳ ಲೆಕ್ಕದಲ್ಲಿ ಇದು ಫೆಂಡರ್, ವಾಕ್ಸ್‌ಗಳಿಗಿಂತ ಮುಂದಿದೆ. ತಿಳಿ ಸ್ವರದಲ್ಲಿ ಹಿಂದಿದೆ. ಇನ್ನು ಆ ಶಕ್ತಿ ಇಳಿಸುವ ಸ್ವಿಚ್ಚಿನಿಂದ ಮನೆಯವರ ನಿದ್ದೆ ಉಳಿಯುತ್ತದೆಂದು ಯಾರೂ ಭಾವಿಸಬಾರದು. ಮೇಲೆ ಹೇಳಿದ ಲೆಕ್ಕದಂತೆ ಅದು ಇಳಿಸುವುದು 3 ಡೆಸಿಬೆಲ್ ಅಷ್ಟೇ.

ಟ್ಯೂಬ್ ಆಂಪಿನ ಸದ್ದಿನ ತೊಡಕಿಗೆ ಪೂರ್ಣ ಪರಿಹಾರ ರಿಯಾಕ್ಟಿವ್ ಲೋಡ್ ಬಾಕ್ಸ್. ಟೂ ನೋಟ್ಸ್ ಕ್ಯಾಪ್ಟರ್ ಎಕ್ಸ್, ಯೂನಿವರ್ಸಲ್ ಆಡಿಯೋ ಆಕ್ಸ್ ಇಂಥ ಸಾಧನಗಳು. ಆಂಪಿನ ಶಕ್ತಿಯನ್ನು ಇವು ತಾವೇ ನುಂಗಿಕೊಂಡು, ಸ್ಪೀಕರ್ ಮತ್ತು ಮೈಕ್‌ಗಳ ಸ್ವರಚಿತ್ರವನ್ನು ಡಿಜಿಟಲ್ ಆಗಿ ಸೇರಿಸಿ, ಇಂಟರ್‌ಫೇಸಿಗೆ ಕಳಿಸುತ್ತವೆ. ಆಂಪ್ ಪೂರ್ತಿ ತೆರೆದಿದ್ದರೂ ಕೋಣೆಯಲ್ಲಿ ಕೇಳುವುದು ತಂತಿಯ ಸದ್ದು ಮಾತ್ರ. ಆಂಪಿನ ಮತ್ತು ಲೋಡ್ ಬಾಕ್ಸಿನ ಓಮ್‌ಗಳು (ವಿದ್ಯುತ್ ತಡೆಯ ಅಳತೆ) ಹೊಂದುವುದು ಕಡ್ಡಾಯ, ಮತ್ತು ಟ್ಯೂಬ್ ಆಂಪನ್ನು ಸ್ಪೀಕರಾಗಲಿ ಲೋಡ್ ಆಗಲಿ ಇಲ್ಲದೆ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಡಿಲಕ್ಸ್ ರಿವರ್ಬ್ ಜೊತೆಗೊಂದು ಲೋಡ್ ಬಾಕ್ಸ್ ಸೇರಿದರೆ ಅದು ನಾನು ಬಲ್ಲ ಅತ್ಯುತ್ತಮ ಜೋಡಿ, ಆದರೆ ಸ್ಟೆಬಿಲೈಸರನ್ನೂ ಸೇರಿಸಿದರೆ ಖರ್ಚು ಲಕ್ಷವನ್ನು ದಾಟಿ ಬಹಳ ದೂರ ಹೋಗುತ್ತದೆ. ಸ್ಟುಡಿಯೋದಿಂದಲೇ ಆದಾಯ ಬರುವವರಿಗೆ ಮಾತ್ರ ಇದು ತರ್ಕಬದ್ಧ.

ಟ್ರಾನ್ಸಿಸ್ಟರ್ ಆಂಪುಗಳ ಪೈಕಿ ಹೆಚ್ಚು ಗೌರವ ಸಲ್ಲಬೇಕಾದದ್ದು ರೋಲ್ಯಾಂಡ್ ಜಾಝ್ ಕೋರಸ್. 1975ರಲ್ಲಿ ಬಂದ ಜೆಸಿ-120ರಲ್ಲಿ ಎರಡು 12 ಇಂಚಿನ ಸ್ಪೀಕರುಗಳಿದ್ದು, ಒಂದರಿಂದ ಮೂಲ ಸ್ವರ, ಇನ್ನೊಂದರಿಂದ ತುಸು ತೂಗಾಡುವ ಸ್ವರ ಹೊರಟು, ಕೋರಸ್ ಎಂಬುದು ಗಾಳಿಯಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ಸರಿಯಾಗಿ ಹಿಡಿಯಲು ಎರಡು ಮೈಕ್ ಬೇಕು. ಮನೆಗೆ ಅದು ಅತಿಯಾಯಿತು. ಅದರ ಮರಿಗಳಾದ ಜೆಸಿ-22 ಮತ್ತು ಜೆಸಿ-40ರಲ್ಲಿ ಸ್ಟೀರಿಯೋ ಲೈನ್ ಔಟ್ ಇದೆ. ಕನ್ನಡಿಯಷ್ಟು ತಿಳಿಯಾದ ಸ್ವರ, ವೋಲ್ಟೇಜ್ ಏರಿಳಿತಕ್ಕೆ ಸುಲಭವಾಗಿ ಬದಲಾಗದ ನಡತೆ, ಬದಲಿಸಬೇಕಾದ ಟ್ಯೂಬಿಲ್ಲ. ಸ್ವಂತ ಡಿಸ್ಟಾರ್ಷನ್ ಮಾತ್ರ ಮೆಚ್ಚುವಂಥದ್ದಲ್ಲ. ಪೆಡಲ್‌ಗಳನ್ನು ಈಗಾಗಲೇ ಕೂಡಿಟ್ಟವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು.

ಡಿಜಿಟಲ್ ಆಂಪುಗಳಲ್ಲಿ ಮೂರು ಬಗೆಯವನ್ನು ಬೇರೆಬೇರೆಯಾಗಿಯೇ ತೂಗಬೇಕು. ಬಾಸ್ ಕಟಾನಾ 50 ಮೊದಲ ಬಾರಿ ಬಂದದ್ದು 2016ರಲ್ಲಿ. 12 ಇಂಚಿನ ಸ್ಪೀಕರ್, 50, 25 ಮತ್ತು 0.5 ವ್ಯಾಟ್‌ಗಳ ಆಯ್ಕೆ, ಅಕೌಸ್ಟಿಕ್‌ನಿಂದ ಹಿಡಿದು ಉಗ್ರ ಡಿಸ್ಟಾರ್ಷನ್‌ವರೆಗೆ ಹಲವು ಮೂಲಸ್ವರಗಳು, ಹೆಡ್‌ಫೋನ್ ಹಾಗೂ ರೆಕಾರ್ಡಿಂಗ್ ಔಟ್, ಯುಎಸ್‌ಬಿ. ಅಂದರೆ ಮೈಕ್, ಲೈನ್, ಯುಎಸ್‌ಬಿ ಮೂರೂ ದಾರಿಗಳು ತೆರೆದಿವೆ. ನಲವತ್ತು ಸಾವಿರದೊಳಗಿನ ಬಜೆಟ್‌ನವರಿಗೆ ನನ್ನ ಮೊದಲ ಶಿಫಾರಸು ಇದೇ. ಇದರ ತಿಳಿ ಸ್ವರವನ್ನು ಡಿಲಕ್ಸ್ ರಿವರ್ಬ್ ಪಕ್ಕದಲ್ಲಿಟ್ಟರೆ ಬೆರಳಿನ ಸೂಕ್ಷ್ಮಕ್ಕೆ ಅಷ್ಟು ಸ್ಪಂದಿಸುವುದಿಲ್ಲ ಎಂಬುದು ನಿಜ. ಪೂರ್ಣ ಹಾಡಿನ ಮಿಶ್ರಣದೊಳಗೆ ಆ ಅಂತರ ಬಹಳಷ್ಟು ಕರಗಿಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಯಮಹಾ ಟಿಎಚ್‌ಆರ್10-2 ಮೇಜಿನ ಮೇಲೆ ಕೂರುವ ಆಂಪ್, ತೂಕ ಸುಮಾರು ಮೂರು ಕಿಲೋ. ಅಕೌಸ್ಟಿಕ್ ಗಿಟಾರ್, ಬೇಸ್ ಗಿಟಾರ್‌ಗಳಿಗೂ ಅದರಲ್ಲಿ ಪ್ರತ್ಯೇಕ ಸ್ವರಗಳಿವೆ. ಅದರ ಎರಡು ಪುಟ್ಟ ಸ್ಪೀಕರುಗಳ ಮುಂದೆ ಮೈಕ್ ಇಡುವುದರಲ್ಲಿ ಅರ್ಥವಿಲ್ಲ. ಅದರ ದಾರಿ ಯುಎಸ್‌ಬಿ ಒಂದೇ. ಹಾಡು ಬರೆಯುವವರಿಗೆ, ಒಬ್ಬರೇ ಕುಳಿತು ಕೆಲಸ ಮಾಡುವವರಿಗೆ ಅದು ಸಾಕು. ಹೊರಗಿನ ಗಿಟಾರ್ ವಾದಕರನ್ನು ಕರೆದು ರೆಕಾರ್ಡ್ ಮಾಡುವ ಸ್ಟುಡಿಯೋಗೆ ಸಾಲದು.

ಫೆಂಡರ್ ಟೋನ್ ಮಾಸ್ಟರ್ ಡಿಲಕ್ಸ್ ರಿವರ್ಬ್ 2019ರಲ್ಲಿ ಬಂದಾಗ ಹಲವರು ಅದನ್ನು ಅನುಮಾನದಿಂದ ನೋಡಿದರು. ಹೊರನೋಟಕ್ಕೆ ಹಳೆಯ ಡಿಲಕ್ಸ್ ರಿವರ್ಬ್, ಒಳಗೆ ಟ್ಯೂಬಿಲ್ಲದ ಡಿಜಿಟಲ್ ಯಂತ್ರ. ಟ್ಯೂಬ್ ಆವೃತ್ತಿ 19 ಕಿಲೋ ಇದ್ದರೆ ಇದು ಹತ್ತೂವರೆ ಕಿಲೋಗೂ ಕಡಿಮೆ. ಶಕ್ತಿಯನ್ನು 22 ವ್ಯಾಟಿನ ಮಟ್ಟದಿಂದ ಹಂತಹಂತವಾಗಿ 0.2ರವರೆಗೆ ಇಳಿಸಬಹುದು, ಸ್ಪೀಕರನ್ನು ಪೂರ್ತಿ ಮೌನಗೊಳಿಸಿ ಎಕ್ಸ್‌ಎಲ್‌ಆರ್ ಔಟ್‌ನಿಂದ ಮೈಕ್ ಇಟ್ಟಂಥ ಸ್ವರವನ್ನೇ ಇಂಟರ್‌ಫೇಸಿಗೆ ಕಳಿಸಬಹುದು. ಒಂದೇ ಒಂದು ಆಂಪಿನ ಸ್ವರ ಇದರಲ್ಲಿದೆ, ಕಟಾನಾದಂತೆ ಹತ್ತಾರು ಅವತಾರಗಳಿಲ್ಲ. ಆದರೂ ಕೊಡಗಿನ ಹವೆ, ಕರೆಂಟು, ಮಾಡು, ಮನೆಮಂದಿ ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿದಾಗ, ಟ್ಯೂಬ್ ಆಂಪಿನಷ್ಟೇ ಹಣ ಹಾಕಬಲ್ಲವರಿಗೆ ನಾನು ಇದನ್ನೇ ಮುಂದಿಡುತ್ತೇನೆ. ಮಳೆಗಾಲದಲ್ಲಿ ಲೈನ್ ಔಟ್, ಜನವರಿಯ ಒಣ ದಿನಗಳಲ್ಲಿ ಮೈಕ್. ಎರಡರಲ್ಲೂ ಅದೇ ಸ್ವಭಾವ ಉಳಿಯುತ್ತದೆ.

ಆಂಪನ್ನೇ ಕೊಳ್ಳದಿರುವುದೂ ಒಂದು ಆಯ್ಕೆ. ಲೈನ್ 6 ಎಚ್‌ಎಕ್ಸ್ ಸ್ಟಾಂಪ್‌ನಂಥ ಪೆಡಲ್ ಗಾತ್ರದ ಮಾಡೆಲರ್ (ಹಲವು ಆಂಪುಗಳ ಸ್ವರವನ್ನು ಡಿಜಿಟಲ್ ಆಗಿ ಅನುಕರಿಸುವ ಸಾಧನ) ತಾನೇ ಯುಎಸ್‌ಬಿ ಇಂಟರ್‌ಫೇಸ್ ಆಗಿಯೂ ಕೆಲಸ ಮಾಡುತ್ತದೆ. ಇದೇ ಬಗೆಯ ಕೆಂಪರ್, ಕ್ವಾಡ್ ಕಾರ್ಟೆಕ್ಸ್‌ಗಳು ಇನ್ನೂ ದುಬಾರಿ, ಇನ್ನೂ ಸಮರ್ಥ. ಒಳ್ಳೆಯ ಕಂಪ್ಯೂಟರ್ ಮತ್ತು ಇಂಟರ್‌ಫೇಸ್ ಇರುವವರಿಗೆ ನ್ಯೂರಲ್ ಆಂಪ್ ಮಾಡೆಲರ್ ಎಂಬ ಮುಕ್ತ ಸಾಫ್ಟ್‌ವೇರ್ ಬಿಟ್ಟಿಯಾಗಿಯೇ ಸಿಗುತ್ತದೆ, ಮತ್ತು ಅದರ ಗುಣಮಟ್ಟ ಹಣ ಕೊಟ್ಟು ಕೊಳ್ಳುವ ಹಲವಕ್ಕಿಂತ ಮೇಲು. ಬಜೆಟ್ ಹತ್ತು ಹದಿನೈದು ಸಾವಿರಕ್ಕೆ ಸೀಮಿತವಾಗಿದ್ದರೆ ಕಳಪೆ ಆಂಪ್ ಕೊಳ್ಳುವ ಬದಲು ಈ ದಾರಿಯನ್ನೇ ಹಿಡಿಯಿರಿ. ಕಳೆದುಕೊಳ್ಳುವುದು ಒಂದುಂಟು: ಸ್ಪೀಕರಿನ ಸದ್ದು ತಂತಿಗಳನ್ನು ಮತ್ತೆ ನಡುಗಿಸಿ ಸ್ವರವನ್ನು ಎಳೆದು ನಿಲ್ಲಿಸುವ ಅನುಭವ ಹೆಡ್‌ಫೋನ್‌ನಲ್ಲಿ ಬರುವುದಿಲ್ಲ, ಮತ್ತು ಆ ಅನುಭವವಿಲ್ಲದೆ ಕೆಲವು ವಾದಕರು ಮನಬಿಚ್ಚಿ ನುಡಿಸುವುದಿಲ್ಲ.

ಯಾವ ಆಂಪನ್ನೇ ಆರಿಸಿದರೂ ಒಂದು ಅಭ್ಯಾಸವನ್ನು ರೂಢಿಸಿಕೊಳ್ಳಬೇಕೆಂದು ನನ್ನ ಒತ್ತಾಯ. ಗಿಟಾರಿನಿಂದ ಬರುವ ಸಿಗ್ನಲ್ಲನ್ನು ಡಿಐ ಬಾಕ್ಸ್ (ಗಿಟಾರನ್ನು ನೇರವಾಗಿ ಇಂಟರ್‌ಫೇಸಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಮೂಲಕ ಇಬ್ಭಾಗಿಸಿ, ಆಂಪಿನ ಸ್ವರವನ್ನು ಒಂದು ಟ್ರ್ಯಾಕಿನಲ್ಲೂ ಆಂಪಿಗೆ ಹೋಗುವ ಮುನ್ನದ ಬರಿಯ ಸ್ವರವನ್ನು ಇನ್ನೊಂದರಲ್ಲೂ ದಾಖಲಿಸಿಡಿ. ಆಟಿ ತಿಂಗಳ ಮಳೆಯಲ್ಲಿ ನುಡಿಸಿದ ಆ ಬರಿಯ ಸ್ವರವನ್ನು ಮಳೆ ನಿಂತ ಮೇಲೆ, ದಾಖಲಾದ ಸ್ವರವನ್ನು ಆಂಪಿಗೆ ಹೊಂದುವಂತೆ ಮಾಡುವ ರೀಆಂಪ್ ಬಾಕ್ಸ್ ಮೂಲಕ ಆಂಪಿಗೆ ಹಾಯಿಸಿ, ಸಾವಧಾನವಾಗಿ ಮೈಕ್ ಇಟ್ಟು ಮತ್ತೆ ರೆಕಾರ್ಡ್ ಮಾಡಬಹುದು. ವಾದಕರು ಮತ್ತೆ ಬರಬೇಕಾಗಿಲ್ಲ. ಮೈಕ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ: 1965ರಿಂದ ಇರುವ ಶೂರ್ ಎಸ್‌ಎಂ57 ಸಾಕು. ಸ್ಪೀಕರಿನ ನಡುವಿನ ಗುಬಟಿನೆದುರು ಇಟ್ಟರೆ ಸ್ವರ ಚೂಪು, ಅಂಚಿನತ್ತ ಸರಿಸಿದಷ್ಟೂ ಮೃದು. ಆಂಪಿನ ನಾಬ್ ತಿರುಗಿಸುವ ಮೊದಲು ಮೈಕನ್ನು ಒಂದೆರಡು ಅಂಗುಲ ಸರಿಸಿ ನೋಡುವುದು ಒಳ್ಳೆಯದು.

ತೇವದ ವಿಷಯದಲ್ಲಿ ಎಲ್ಲ ಆಂಪುಗಳ ಪಾಡೂ ಒಂದೇ. ಸ್ಪೀಕರಿನ ಕೋನ್ ಕಾಗದದ್ದು, ಹೊರಹೊದಿಕೆಗೆ ಬೂಷ್ಟು ಹಿಡಿಯುತ್ತದೆ, ನಾಬುಗಳು ಕರಕರ ಎನ್ನತೊಡಗುತ್ತವೆ. ನೆಲದಿಂದ ಎತ್ತಿ, ಹೊರಗೋಡೆಯಿಂದ ದೂರವಿಟ್ಟು, ಮಳೆಗಾಲದಲ್ಲಿ ವಾರಕ್ಕೆರಡು ಬಾರಿಯಾದರೂ ಅರ್ಧ ಗಂಟೆ ಚಾಲೂ ಇಡಬೇಕು. ಈ ಒಂದು ವಿಚಾರದಲ್ಲಿ ಟ್ಯೂಬುಗಳ ಬಿಸಿ ಉಪಕಾರಿ.

ಕೊಳ್ಳಲು ಮೈಸೂರಿಗೋ ಬೆಂಗಳೂರಿಗೋ ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್, ಸಾಧ್ಯವಾದರೆ ಲ್ಯಾಪ್‌ಟಾಪ್ ಮತ್ತು ಇಂಟರ್‌ಫೇಸನ್ನೂ ಒಯ್ಯಿರಿ. ಅಂಗಡಿಯಲ್ಲಿ ಆಂಪನ್ನು ಜೋರಾಗಿ ಕೇಳಿ ಮೆಚ್ಚಬೇಡಿ. ಮನೆಯಲ್ಲಿ ನುಡಿಸುವಷ್ಟೇ ಸದ್ದಿಗೆ ಇಳಿಸಿ, ಮೊದಲು ತಿಳಿ ಸ್ವರದಲ್ಲಿ ಒಂದು ಹಾಡಿನ ಪಲ್ಲವಿ ನುಡಿಸಿ, ಲೈನ್ ಔಟ್ ಇದ್ದರೆ ಅದರಿಂದ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಗಿಟಾರಿನ ವಾಲ್ಯೂಮನ್ನು ಸೊನ್ನೆಗಿಳಿಸಿ, ಏನೂ ನುಡಿಸದೆ ಕೆಲ ಕ್ಷಣ ಆಂಪಿನ ಸ್ವಂತ ಹಿಸ್ ಮತ್ತು ಹಮ್ಮನ್ನೂ ರೆಕಾರ್ಡ್ ಮಾಡಿ. ಈ ಎರಡು ತುಣುಕುಗಳನ್ನು ಹಿಡಿದು ಊರಿಗೆ ಮರಳಿ, ನೀವು ಈಗಾಗಲೇ ರೆಕಾರ್ಡ್ ಮಾಡಿರುವ ಒಂದು ಹಾಡಿನ ಕಂಠದ ಕೆಳಗೆ ಕೂರಿಸಿ ಕೇಳಿದ ಮೇಲೆ ಅಂಗಡಿಗೆ ಫೋನ್ ಮಾಡಿ ಬೆಲೆ ಮಾತನಾಡಬಹುದು.